ಅಲ್ಝೈಮರ್ ಔಷಧಿಯ ಸುದ್ದಿ ಬಂದರೆ ಹೀಗೆ ಓದಿ

ಅಮ್ಮನಿಗೆ ಅಲ್ಝೈಮರ್ ಎಂದು ಗೊತ್ತಾದ ಮೇಲೆ 'ಔಷಧಿ ಸಿಕ್ತಂತೆ' ಅನ್ನುವ ಸುದ್ದಿಯನ್ನು ನೆಂಟರು ಕಳಿಸುತ್ತಲೇ ಇರುತ್ತಾರೆ. ಪ್ರಯೋಗ ಇಲಿಯ ಮೇಲೋ, ಮನುಷ್ಯರ ಮೇಲೋ ಅಂತ ನಾನು ಮೊದಲು ನೋಡುತ್ತೇನೆ. ಇಲಿಯಾದರೆ ಸದ್ಯಕ್ಕೆ ಆಸೆ ಇಟ್ಟುಕೊಳ್ಳುವುದಿಲ್ಲ.

ಆಮೇಲೆ ಶೇಕಡಾ ಲೆಕ್ಕ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. 2023ರಲ್ಲಿ ಅಮೆರಿಕ ಒಪ್ಪಿದ ಲೆಕಾನೆಮ್ಯಾಬ್ ಎಂಬ ಔಷಧಿ ಕಾಯಿಲೆಯನ್ನು ಶೇ 27ರಷ್ಟು ನಿಧಾನ ಮಾಡುತ್ತದೆ ಎಂದು ಬಂತು. ಅಳೆದದ್ದು ಹೇಗೆ? ನೆನಪು, ಮನೆಗೆಲಸ, ಸ್ನಾನ, ಬಟ್ಟೆ ಇಂಥವನ್ನೆಲ್ಲ ವಿಚಾರಿಸಿ 18ಕ್ಕೆ ಅಂಕ ಹಾಕುತ್ತಾರೆ. ಸುಮಾರು 1,800 ಜನರ ಪ್ರಯೋಗದಲ್ಲಿ, 18 ತಿಂಗಳಾದ ಮೇಲೆ, ಔಷಧಿ ಪಡೆದವರಿಗೂ ಔಷಧಿಯಿಲ್ಲದ ಡಮ್ಮಿ ಪಡೆದವರಿಗೂ ಇದ್ದ ಅಂತರ 0.45 ಅಂಕ. ಸಾರಿಗೆ ಎರಡೆರಡು ಸಲ ಹುಣಸೆಹುಳಿ ಹಾಕುವ ನಮ್ಮಮ್ಮ ಅದರಿಂದ ಮೊದಲಿನಂತಾಗುವುದಿಲ್ಲ. ಹೋದ ನೆನಪು ವಾಪಸ್ ಬರಲ್ಲ, ಹೋಗುವುದು ತುಸು ತಡವಾಗುತ್ತದೆ. ಆ ತಡವೂ ನನಗೆ ದೊಡ್ಡದೇ.

ಯಾರಿಗೆ ಕೊಟ್ಟರು ಅಂತಲೂ ನೋಡಿ. ಈ ಪ್ರಯೋಗದಲ್ಲಿ ಕಾಯಿಲೆ ಶುರುವಿನಲ್ಲಿದ್ದು, ಮಿದುಳಲ್ಲಿ ಅಮಿಲಾಯ್ಡ್ (ಈ ಕಾಯಿಲೆಯಲ್ಲಿ ಅಲ್ಲಿ ಜಮೆಯಾಗುವ ಪ್ರೋಟೀನ್) ಇರುವುದು ಖಚಿತವಾದವರಿಗೆ ಮಾತ್ರ.

ಅಡ್ಡಪರಿಣಾಮದ ಸಾಲು ಕೊನೆಯಲ್ಲಿದ್ದರೂ ಬಿಡಬೇಡಿ. ಈ ಔಷಧಿಯಿಂದ ಕೆಲವರಿಗೆ ಮಿದುಳಲ್ಲಿ ಊತ, ರಕ್ತಸ್ರಾವ ಆಗಿದೆ. ಅದಕ್ಕೇ ಚಿಕಿತ್ಸೆಯ ನಡುವೆ ಎಂಆರ್‌ಐ ಮಾಡಿಸುತ್ತಿರಬೇಕು.