ಆಟಿಸಂ ಲಕ್ಷಣ ಯಾವುದು, ಮನಸ್ಸಿನ ಬೇನೆ ಯಾವುದು: ಮನೆಯವರು ಗುರುತಿಸುವ ಕ್ರಮ

ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡುವುದಿಲ್ಲ, ಎರಡು ವರ್ಷ ತುಂಬಿದರೂ ಎರಡು ಮಾತು ಕೂಡಿಸಿ ಆಡುವುದಿಲ್ಲ, ಆಟದ ಗಾಡಿಯನ್ನು ಓಡಿಸದೆ ಅದರ ಗಾಲಿಯನ್ನಷ್ಟೇ ತಿರುಗಿಸುತ್ತ ಕೂರುತ್ತದೆ. ಇವು ಆಟಿಸಂ, ಅಂದರೆ ಇತರರೊಂದಿಗೆ ಬೆರೆಯುವ, ಮಾತಾಡುವ ರೀತಿ ಎಳವೆಯಿಂದಲೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿಯ ಲಕ್ಷಣಗಳಿರಬಹುದು. ಕಲಬುರಗಿ, ಬೀದರ, ಯಾದಗಿರಿ ಕಡೆಯ ಮನೆಗಳಲ್ಲಿ ಇದಕ್ಕೆ ಹಿರಿಯರು ಕೊಡುವ ಉತ್ತರ ಒಂದೇ: ಇವನ ಅಪ್ಪನೂ ತಡವಾಗಿಯೇ ಮಾತು ಕಲಿತಿದ್ದ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ, ಏಕೆಂದರೆ ಆಟಿಸಂ ಲಕ್ಷಣಗಳು ವಂಶದಲ್ಲಿ ಹರಿದು ಬರುವುದು ನಿಜ. ಆದರೆ ಅದರಿಂದ ಹುಟ್ಟುವ ‘ಇನ್ನೊಂದು ವರ್ಷ ಕಾಯೋಣ’ ಎಂಬ ತೀರ್ಮಾನ ತಪ್ಪು.

ಕಾಯುವ ಬದಲು ಒಂದು ನೋಟುಬುಕ್ಕು ತೆರೆಯಿರಿ. ತಿಂಗಳಿಗೊಮ್ಮೆಯಾದರೂ ದಿನಾಂಕ ಹಾಕಿ, ಮಗು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಕಂಡ ಹಾಗೆ ಬರೆಯಿರಿ. ‘ಹಠಮಾರಿ’ ಎಂದು ಬರೆದರೆ ವೈದ್ಯರಿಗೆ ಪ್ರಯೋಜನವಿಲ್ಲ. ‘ಹಿಟ್ಟಿನ ಗಿರಣಿಯ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಅಳುತ್ತದೆ, ಬಿಳಿ ಅನ್ನ ಬಿಟ್ಟು ರೊಟ್ಟಿ ಮುಟ್ಟುವುದಿಲ್ಲ’ ಎಂದು ಬರೆದರೆ ಪ್ರಯೋಜನವಿದೆ. ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆಯೇ, ತಾನು ಕಂಡ ನವಿಲನ್ನೋ ಟ್ರ್ಯಾಕ್ಟರನ್ನೋ ನಿಮಗೂ ತೋರಿಸಬೇಕೆಂದು ನಿಮ್ಮ ಮುಖ ನೋಡುತ್ತದೆಯೇ ಎಂಬ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಿ. ಒಂದೂವರೆ ವರ್ಷದ ಹೊತ್ತಿಗೆ ಇವೆರಡೂ ಕಾಣದಿದ್ದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಕಲಿತ ಮಾತುಗಳನ್ನು ಮಗು ಕಳೆದುಕೊಳ್ಳುತ್ತಿದ್ದರೆ ಒಂದು ವಾರವೂ ತಡ ಮಾಡಬಾರದು. ಶ್ರವಣ ಪರೀಕ್ಷೆಯನ್ನು ಮೊದಲೇ ಮಾಡಿಸಿ, ಕಿವಿ ಕೇಳದ ಮಗುವೂ ಕರೆದರೆ ತಿರುಗುವುದಿಲ್ಲ. 16ರಿಂದ 30 ತಿಂಗಳ ಮಕ್ಕಳಿಗೆಂದು 20 ಪ್ರಶ್ನೆಗಳ ಎಂ-ಚಾಟ್ ಎಂಬ ಪ್ರಶ್ನಾವಳಿ ಇದೆ. ಅದು ಅನುಮಾನವನ್ನು ಎತ್ತಿ ತೋರಿಸುತ್ತದೆ, ನಿರ್ಣಯ ಹೇಳುವುದಿಲ್ಲ.

ಮನೆಯೊಳಗೆ ಕನ್ನಡ, ಓಣಿಯಲ್ಲಿ ಉರ್ದು, ತಾಯಿಯ ತವರಿನಲ್ಲಿ ಮರಾಠಿ ಅಥವಾ ತೆಲುಗು ಇರುವುದು ನಮ್ಮ ಜಿಲ್ಲೆಗಳಲ್ಲಿ ಸಹಜ. ಹಲವು ಭಾಷೆಗಳನ್ನು ಕೇಳಿದ್ದರಿಂದ ಆಟಿಸಂ ಬರುವುದಿಲ್ಲ. ಇಂಗ್ಲಿಷ್ ಒಂದನ್ನೇ ಆಡಿರಿ ಎಂಬ ಸಲಹೆಗೆ ಮಣಿದು, ಅಜ್ಜಿ ಮೊಮ್ಮಗನೊಂದಿಗೆ ಮಾತು ನಿಲ್ಲಿಸುವುದು ಮಗುವಿಗೆ ನಷ್ಟವೇ.

ಇನ್ನು ಕಾರಣಗಳ ವಿಚಾರ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಮೇಲೆ, ದಶಕಗಳ ಕಾಲ ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ಪಶ್ಚಿಮದ ಕೆಲವು ಪಂಡಿತರು ನಂಬಿದ್ದರು. 1977ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಅಧ್ಯಯನ ಆನುವಂಶಿಕತೆಯ ಕಡೆಗೆ ಬೊಟ್ಟು ಮಾಡಿತು. ನಂತರದ ದೊಡ್ಡ ಅಧ್ಯಯನಗಳು ಆನುವಂಶಿಕತೆಯ ಪಾಲನ್ನು ಶೇಕಡಾ 80ರ ಆಸುಪಾಸಿನಲ್ಲಿ ಅಂದಾಜಿಸಿವೆ. ಒಂದೇ ಜೀನಿನ ಕೆಲಸ ಇದಲ್ಲ, ನೂರಾರು ಜೀನ್‌ಗಳ ಸಣ್ಣ ಸಣ್ಣ ಪಾಲುಗಳು ಸೇರುತ್ತವೆ. ಆದ್ದರಿಂದಲೇ ಆಟಿಸಂ ಇರುವ ಮಗುವಿನ ತಂದೆಯಲ್ಲೋ ಚಿಕ್ಕಪ್ಪನಲ್ಲೋ ಹಿಡಿದ ಕ್ರಮ ಬಿಡದ, ಜನರ ಗುಂಪಿನಿಂದ ದೂರ ಸರಿಯುವ ಸ್ವಭಾವ ನಿರ್ಣಯದ ಮಟ್ಟ ಮುಟ್ಟದೆ ಕಾಣಬಹುದು. ಅವಧಿಗೆ ಬಹಳ ಮುಂಚಿನ ಹೆರಿಗೆ, ತಂದೆತಾಯಿಯ ಹೆಚ್ಚಿದ ವಯಸ್ಸು, ಗರ್ಭಿಣಿಯು ಮೂರ್ಛೆರೋಗಕ್ಕೆ ಸೇವಿಸುವ ವ್ಯಾಲ್‌ಪ್ರೊಯೇಟ್ ಮಾತ್ರೆ, ಇವು ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಈ ಮಾತ್ರೆಯನ್ನು ತಾನಾಗಿಯೇ ನಿಲ್ಲಿಸುವುದು ಪ್ರಾಣಾಪಾಯ; ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕೇಳಿ ಬದಲಿಸಿಕೊಳ್ಳಬೇಕು. ಲಸಿಕೆಗೂ ಆಟಿಸಂಗೂ ನಂಟಿಲ್ಲ. ನಂಟಿದೆ ಎಂಬ ಸಂಶಯ ಹಬ್ಬಿಸಿದ, 12 ಮಕ್ಕಳನ್ನು ಕುರಿತ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಂಥ ನಂಟು ಕಾಣಲಿಲ್ಲ.

ಸೋದರಮಾವ ಅಥವಾ ಅತ್ತೆಯ ಮಗನ ಜೊತೆ ಮದುವೆಯಾಗಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ. ರಕ್ತಸಂಬಂಧದ ಮದುವೆಯಲ್ಲಿ ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ, ಅವುಗಳಲ್ಲಿ ಕೆಲವು ಆಟಿಸಂನಂಥ ಲಕ್ಷಣಗಳೊಂದಿಗೆ ಬರುತ್ತವೆ. ವೈದ್ಯರು ವಂಶಾವಳಿ ಕೇಳುವುದು ಈ ಕಾರಣಕ್ಕೆ, ಸೊಸೆಯ ಮೇಲೆ ತಪ್ಪು ಹೊರಿಸುವುದಕ್ಕಲ್ಲ.

ನೋಟುಬುಕ್ಕಿನ ನಿಜವಾದ ಉಪಯೋಗ ಮಗು ಬೆಳೆದಂತೆ ತಿಳಿಯುತ್ತದೆ. ಆಟಿಸಂ ಲಕ್ಷಣಗಳು ಎಳವೆಯಿಂದಲೇ ಇರುತ್ತವೆ, ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತವೆ; ಮನಸ್ಸಿನ ಬೇನೆ ಬದಲಾವಣೆಯಾಗಿ ಬರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಲ್ಲವನ್ನೂ ‘ಅವನಿಗೆ ಆಟಿಸಂ ಇದೆಯಲ್ಲ’ ಎಂಬ ಮಾತಿನಡಿ ತಳ್ಳಿಹಾಕುವುದೇ, ನನ್ನ ಅಭಿಪ್ರಾಯದಲ್ಲಿ, ಇಂಥ ಮಕ್ಕಳಿಗೆ ಆಗುವ ದೊಡ್ಡ ಅನ್ಯಾಯ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯ ಪ್ರಕಾರ ಆಟಿಸಂ ಇರುವವರಲ್ಲಿ ಶೇಕಡಾ 28 ಮಂದಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ), 20 ಮಂದಿಗೆ ಆತಂಕದ ಕಾಯಿಲೆ, 11 ಮಂದಿಗೆ ಖಿನ್ನತೆ ಇರುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ.

ವಾಡಿ ಜಂಕ್ಷನ್ ಬಳಿಯ ಊರಿನ, ಆಟಿಸಂ ಇರುವ ಹುಡುಗನೊಬ್ಬನಿಗೆ ಗೂಡ್ಸ್ ರೈಲಿನ ಡಬ್ಬಿ ಎಣಿಸುವುದೇ ದಿನದ ಸಂತೋಷ ಎಂದು ಇಟ್ಟುಕೊಳ್ಳೋಣ. ಅವನು ಎಣಿಸುವುದು ಲಕ್ಷಣ. ಎಣಿಸುವುದನ್ನು ಬಿಟ್ಟದ್ದು ಎಚ್ಚರಿಕೆ. ಎರಡು ವಾರದಿಂದ ಅವನು ರೈಲು ನೋಡಲು ಹೋಗುತ್ತಿಲ್ಲ, ನಿದ್ದೆ ಕೆಟ್ಟಿದೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಾನೆ ಎಂದರೆ ಮೊದಲು ದೇಹವನ್ನು ಪರೀಕ್ಷೆ ಮಾಡಿಸಿ: ಹಲ್ಲುನೋವು, ಕಿವಿನೋವು, ಮಲಬದ್ಧತೆ, ಮೂರ್ಛೆ. ಮಾತು ಬಾರದ ಮಗು ದೇಹದ ನೋವನ್ನೂ ಹೀಗೆಯೇ ತೋರಿಸುತ್ತದೆ. ದೇಹದಲ್ಲಿ ಏನೂ ಇಲ್ಲವಾದರೆ ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ, ಮನೆಯವರು ದುಡಿಯಲು ಪುಣೆಗೋ ಮುಂಬೈಗೋ ಹೋದದ್ದರಿಂದ ದಿನಚರಿ ಕದಡಿದೆಯೇ ಎಂದು ವಿಚಾರಿಸಿ. ‘ಮನಸ್ಸಿಗೆ ಹೇಗನ್ನಿಸುತ್ತಿದೆ’ ಎಂಬ ಪ್ರಶ್ನೆಗೆ ಇಂಥವರಲ್ಲಿ ಅನೇಕರಿಗೆ ಉತ್ತರಿಸಲಾಗದು; ‘ಹೊಟ್ಟೆ ಬಿಗಿಯುತ್ತದೆಯೇ, ಯಾವ ಪೀರಿಯಡ್‌ನಲ್ಲಿ’ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಆತಂಕ ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತಿದ್ದರೆ ಮುಂಚಿತವಾಗಿ ಸಿದ್ಧಗೊಳಿಸಬಹುದು. ಶರಣಬಸವೇಶ್ವರರ ಜಾತ್ರೆಗೋ ಬಂದೇನವಾಜರ ಉರುಸಿಗೋ ಕರೆದೊಯ್ಯಬೇಕಿದ್ದರೆ, ಜನಸಂದಣಿ ಇಲ್ಲದ ದಿನ ಒಮ್ಮೆ ಜಾಗ ತೋರಿಸಿ, ಎಷ್ಟು ಹೊತ್ತು ಇರುತ್ತೇವೆ ಎಂಬುದನ್ನು ಚಿತ್ರದಲ್ಲಿ ಬರೆದು ಕೊಡಿ, ಸದ್ದು ತಗ್ಗಿಸುವ ಹೆಡ್‌ಫೋನ್ ಹಾಕಿ, ಹೊರಬರುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಆಗಲೂ ಒಲ್ಲೆ ಎಂದರೆ ಬಿಡಿ, ದೇವರಿಗೆ ಬೇಸರವಾಗದು.

ಹದಿಹರೆಯದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಲಕ್ಷಣಗಳನ್ನು ಅಡಗಿಸಿಕೊಂಡು ಇತರರಂತೆ ನಟಿಸುವುದು ಹೆಚ್ಚು. ಕಾಲೇಜಿನಲ್ಲಿ ದಿನವಿಡೀ ನಗುತ್ತ ಇದ್ದವಳು ಮನೆಗೆ ಬಂದೊಡನೆ ಕೋಣೆ ಸೇರಿ ಅಳುತ್ತಾಳೆ. ಇಂಥ ನಟನೆಗೂ ಖಿನ್ನತೆಗೂ, ಆತ್ಮಹತ್ಯೆಯ ಯೋಚನೆಗೂ ನಂಟಿರುವುದನ್ನು ಅಧ್ಯಯನಗಳು ಕಂಡಿವೆ. ಸಾಯಬೇಕೆನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ, ಕೀಟನಾಶಕ ಮತ್ತು ಮಾತ್ರೆಗಳನ್ನು ಕೈಗೆ ಸಿಗದಂತೆ ಇಟ್ಟು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುವ ಈ ಸೇವೆ ಉಚಿತ, ಕನ್ನಡದಲ್ಲೂ ಸಿಗುತ್ತದೆ. ಅಪಾಯ ಎದುರಿಗೇ ಇದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಪರೀಕ್ಷೆಗೆ ತಕ್ಷಣವೇ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಓಡಬೇಕಿಲ್ಲ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಯಲ್ಲೇ ಬೆಳವಣಿಗೆಯ ತೊಂದರೆಗಳನ್ನು ಗುರುತಿಸುತ್ತವೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಸಂಸ್ಥೆಗಳು. ಹೆಚ್ಚಿನ ಪರಿಶೀಲನೆ ಬೇಕಾದರೆ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮಾತಿನ ವಿಚಾರಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಆಟಿಸಂ ಅನ್ನೇ ಇಲ್ಲವಾಗಿಸುವ ಔಷಧಿ ಇಲ್ಲ. ರಿಸ್ಪೆರಿಡೋನ್‌ನಂಥ ಮಾತ್ರೆ ತೀವ್ರ ಸಿಟ್ಟು, ಸ್ವಯಂಹಾನಿಗಳನ್ನು ತಗ್ಗಿಸಬಲ್ಲದು. ಆದರೆ ತೂಕ ಹೆಚ್ಚಿಸುತ್ತದೆ, ಆದ್ದರಿಂದ ತಜ್ಞರ ನಿಗಾ ಬೇಕು. ಲಕ್ಷಗಟ್ಟಲೆ ಹಣ ಕೇಳುವ ಸ್ಟೆಮ್ ಸೆಲ್ ಚಿಕಿತ್ಸೆಗೆ ಹೊಲ ಮಾರಬೇಡಿ. ಆಟಿಸಂಗೆ ಅದು ಸಾಬೀತಾದ ಚಿಕಿತ್ಸೆಯಲ್ಲ.

ನಿರ್ಣಯವಾದ ಮೇಲೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವಿಕಲತೆಗಳಲ್ಲಿ ಆಟಿಸಂ ಸೇರಿದೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಪ್ರಮಾಣಪತ್ರದಲ್ಲಿ ಕನಿಷ್ಠ ಶೇಕಡಾ 40 ಅಂಗವಿಕಲತೆ ನಮೂದಾಗಿರಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಸಿಗುತ್ತದೆ. ಅರ್ಜಿಗೆ ಹೋಗುವಾಗ ಆಧಾರ್, ಭಾವಚಿತ್ರ, ಹಳೆಯ ವೈದ್ಯಕೀಯ ಚೀಟಿಗಳ ಜೊತೆ ಆ ನೋಟುಬುಕ್ಕನ್ನೂ ಒಯ್ಯಿರಿ.