ಯಿಯಾನ್ ಕುಟ್-ಕು: ಕೊಲ್ಲದೆ ಹಿಡಿಯುವ ಬಗೆ

2007ರ ಫ್ರೀಡಂ 2 ಆಟವನ್ನೇ ಹಿಗ್ಗಿಸಿ ಕ್ಯಾಪ್‌ಕಾಂ ಮರುವರ್ಷ ಜಪಾನಿನಲ್ಲಿ, 2009ರಲ್ಲಿ ಹೊರದೇಶಗಳಲ್ಲಿ ಬಿಟ್ಟದ್ದು ಮಾನ್‌ಸ್ಟರ್ ಹಂಟರ್ ಫ್ರೀಡಂ ಯುನೈಟ್. ಸೋನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ ಪಿಎಸ್‌ಪಿಯಲ್ಲಿ ಇದನ್ನು ಹೊಸದಾಗಿ ಹಿಡಿದವರು ಯಿಯಾನ್ ಕುಟ್-ಕು ಎಂಬ ದೈತ್ಯ ಹಕ್ಕಿಯ ಎದುರು ಸೋತರೆ ತಪ್ಪು ಆಯುಧದ್ದಲ್ಲ, ಕ್ಯಾಮೆರಾದ್ದು. ಪಿಎಸ್‌ಪಿಗೆ ಇರುವುದು ಒಂದೇ ಅನಲಾಗ್ ನಬ್ (ಬೇಟೆಗಾರನನ್ನು ನಡೆಸುವ ಗುಂಡಿ), ಕ್ಯಾಮೆರಾ ತಿರುಗುವುದು ಡಿ-ಪ್ಯಾಡ್ ಎಂಬ ನಾಲ್ಕು ದಿಕ್ಕಿನ ಬಟನ್‌ಗಳಿಂದ. ಹೆಬ್ಬೆರಳು ನಬ್ ಮೇಲಿರುವಾಗಲೇ ಎಡಗೈ ತೋರುಬೆರಳನ್ನು ಮಡಚಿ ಡಿ-ಪ್ಯಾಡ್ ಮೇಲಿಡುವುದು ರೂಢಿ. ಹೊತ್ತಾದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ, ಹಾಗಾಗಿ ನಾನು ಹೆಚ್ಚಾಗಿ ಎಲ್ ಬಟನ್ ಒತ್ತಿ ಕ್ಯಾಮೆರಾವನ್ನು ಬೆನ್ನ ಹಿಂದೆ ತಂದುಕೊಳ್ಳುತ್ತೇನೆ. ಕಲಬುರಗಿಯ ಬ್ಯಾಸಗಿಯಲ್ಲಂತೂ ಬೆವರಿಗೆ ನಬ್ ಜಾರುತ್ತದೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಕೂತು, ತೊಡೆ ಮೇಲೊಂದು ಒಣ ಕರವಸ್ತ್ರ ಇಟ್ಟುಕೊಂಡರೆ ಸಾಕು. ಬ್ಯಾಟರಿ ಮುಚ್ಚಳ ಉಬ್ಬಿದ್ದು ಕಂಡರೆ ಮಾತ್ರ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತೆಗೆದುಬಿಡಿ.

ಆಟದೊಳಗಿನ ಚೀಲಕ್ಕೆ 10 ಪೋಶನ್ (ಗಾಯ ಮಾಯಿಸುವ ಮದ್ದು), 10 ಮೆಗಾ ಪೋಶನ್, ಆಯುಧ ಮಸೆಯಲು ವೆಟ್‌ಸ್ಟೋನ್, ದೊಡ್ಡ ಸದ್ದು ಮಾಡುವ ಕೆಲವು ಸೋನಿಕ್ ಬಾಂಬ್. ಮೆಗಾ ಪೋಶನ್‌ಗೆ ಪೋಶನ್ ಮತ್ತು ಜೇನು ಕೂಡಿಸಬೇಕು. ಕಾಡಿನಲ್ಲಿ ಜೇನು ಕಂಡರೆ ಬಿಡಬೇಡಿ. ಹಿಡಿಯಲಿಕ್ಕೆ ಬೇಕಾದದ್ದು ಒಂದು ಪಿಟ್‌ಫಾಲ್ ಟ್ರ್ಯಾಪ್, ಅಂದರೆ ಗುಂಡಿಯ ಬಲೆ. ಐವಿ ಬಳ್ಳಿಗೆ ಜೇಡರ ಬಲೆ ಸೇರಿದರೆ ನೆಟ್, ನೆಟ್‌ಗೆ ಟ್ರ್ಯಾಪ್ ಟೂಲ್ ಸೇರಿದರೆ ಟ್ರ್ಯಾಪ್. ಜೊತೆಗೆ ಮಂಪರು ಬರಿಸುವ ಟ್ರ್ಯಾಂಕ್ ಬಾಂಬ್: ಸ್ಲೀಪ್ ಹರ್ಬ್ ಮತ್ತು ಪ್ಯಾರಾಶ್ರೂಮ್‌ನಿಂದ ಟ್ರ್ಯಾಂಕ್ವಿಲೈಸರ್, ಅದಕ್ಕೆ ಬಾಂಬ್ ಕೇಸಿಂಗ್. ಹಿಡಿಯಲು ಎರಡೇ ಸಾಕು, ಆದರೆ ಗುರಿ ತಪ್ಪುವುದುಂಟು, ಒಂದೆರಡು ಜಾಸ್ತಿ ಇರಲಿ.

ಆಯುಧ ಹ್ಯಾಮರ್. ಆರ್ ಒತ್ತಿ ಹಿಡಿದರೆ ಮೂರು ಹಂತದಲ್ಲಿ ಬಲ ತುಂಬುತ್ತದೆ, ಅಷ್ಟು ಹೊತ್ತೂ ಸ್ಟ್ಯಾಮಿನಾ ಕರಗುತ್ತದೆ. ಮೂರನೇ ಹಂತದಲ್ಲಿ ನಿಂತಲ್ಲೇ ಬಿಟ್ಟರೆ ಭಾರಿ ಏಟು; ನಡೆಯುತ್ತಾ ಬಿಟ್ಟರೆ ಬೇಟೆಗಾರ ಗಿರಗಿರ ತಿರುಗುತ್ತಾನೆ, ಕುಟ್-ಕು ಹತ್ತಿರ ಅದು ಉಪಯೋಗಕ್ಕಿಲ್ಲ. ಅದರ ತಲೆಗೇ ಹೊಡೆಯುತ್ತಿದ್ದರೆ ಕುಟ್-ಕು ತಲೆ ತಿರುಗಿ ಬೀಳುತ್ತದೆ. ಓಡಿ ಬಂದು ಮುಗ್ಗರಿಸಿದಾಗ ಅದರ ತಲೆ ನೆಲದ ಮಟ್ಟಕ್ಕಿರುತ್ತದೆ, ಆಗ ಬಿಡಬಾರದು.

ಸೋನಿಕ್ ಬಾಂಬಿನಲ್ಲಿ ಎಲ್ಲರೂ ಎಡವುತ್ತಾರೆ. ಶಾಂತವಾಗಿದ್ದಾಗ ಎಸೆದರೆ ಕುಟ್-ಕು ದಂಗಾಗಿ ನಿಂತುಬಿಡುತ್ತದೆ. ಎಚ್ಚರವಾದ ಕೂಡಲೇ ಸಿಟ್ಟಿಗೇಳುತ್ತದೆ. ಸಿಟ್ಟಿನಲ್ಲಿದ್ದಾಗ ಎಸೆದರೆ ಬಾಂಬು ದಂಡ. ಬಾಯಿಂದ ಬೆಂಕಿ ಹೊಗೆಯಾಡುತ್ತಿದ್ದರೆ ಸುಮ್ಮನೆ ದೂರ ಸರಿದು ಆಯುಧ ಮಸೆದುಕೊಳ್ಳಿ. ಹರಿತ ಇಳಿದ ಹ್ಯಾಮರ್ ಗಟ್ಟಿ ಜಾಗಕ್ಕೆ ತಾಗಿದರೆ ಹಿಂದಕ್ಕೆ ಪುಟಿಯುತ್ತದೆ, ಅಷ್ಟರಲ್ಲಿ ಕೊಕ್ಕು ನಿಮ್ಮ ಮೇಲಿರುತ್ತದೆ.

ಈಗ ಕಿವಿ ನೋಡುತ್ತಿರಿ. ಬೀಸಣಿಗೆಯ ಹಾಗೆ ಬಿಚ್ಚಿದ್ದ ಆ ಕಿವಿಗಳು ಮಡಚಿ ಬಿದ್ದವೆಂದರೆ ಸಾಯಲು ಬಂದಿದೆ ಎಂದರ್ಥ. ಕುಂಟುತ್ತಾ ಹೋಗಿ ಹಾರಿ ಗೂಡಿಗೆ ಸೇರುತ್ತದೆ, ಅಲ್ಲಿ ಮಲಗುತ್ತದೆ. ಮಲಗಿದಲ್ಲೇ ಅದರ ಕಾಲಡಿ ಟ್ರ್ಯಾಪ್ ಹೂಳಿ, ಬಿದ್ದೊಡನೆ ಎರಡು ಟ್ರ್ಯಾಂಕ್ ಬಾಂಬ್ ಎಸೆಯಿರಿ. ಕಿವಿ ಬೀಳುವ ಮೊದಲೇ ಅವಸರ ಮಾಡಿದರೆ ಟ್ರ್ಯಾಪ್ ಒಡೆದು ಎದ್ದು ಬರುತ್ತದೆ, ಚೀಲದಲ್ಲಿ ಎರಡನೆಯ ಪಿಟ್‌ಫಾಲ್ ಇರುವುದಿಲ್ಲ.

ನಾಲ್ವರು ಕೂಡಿ ಆಡುವಾಗ ಇದು ಕೆಡುವುದು ಹೆಚ್ಚು. ಪಿಎಸ್‌ಪಿಗಳು ನೇರವಾಗಿ ಒಂದಕ್ಕೊಂದು ಕೂಡುವ ಆಡ್-ಹಾಕ್‌ಗೆ ಇಂಟರ್ನೆಟ್ ಬೇಡ, ಡಬ್ಲ್ಯೂಲ್ಯಾನ್ ಸ್ವಿಚ್ ಹಾಕಿ ಆಟದೊಳಗಿನ ಗ್ಯಾದರಿಂಗ್ ಹಾಲ್‌ನಲ್ಲಿ ಕೂಡಿದರಾಯಿತು. ಬ್ಯಾಟರಿ ಮಾತ್ರ ಬೇಗ ಇಳಿಯುತ್ತದೆ. ಟ್ರ್ಯಾಪಿಗೆ ಬಿದ್ದದ್ದನ್ನು ಕಂಡು ಮೂವರೂ ಮೈಮೇಲೆ ಬಿದ್ದು ಜಜ್ಜಿದರೆ ಹಕ್ಕಿ ಸತ್ತೇ ಹೋಗುತ್ತದೆ. "ಲೇ ತಮ್ಮಾ, ಇನ್ನಾ ಹೊಡಿಬ್ಯಾಡ, ಬಾಂಬ್ ಹಾಕು" ಅಂತ ಮೊದಲೇ ಹೇಳಿಡಬೇಕು. ಬೇಟೆಗಾರರು ಮೂರು ಸಲ ಪ್ರಜ್ಞೆ ತಪ್ಪಿ ಬಿದ್ದರೆ ಕ್ವೆಸ್ಟ್ (ಆ ಬೇಟೆ) ಸೋತ ಹಾಗೆ, ಆ ಮೂರು ನಾಲ್ವರಿಗೂ ಸೇರಿ. ಹಾಗಾಗಿ ಪೋಶನ್ ಕುಡಿಯದೆ ನುಗ್ಗುವವನನ್ನು ಹಿಂದೆ ನಿಲ್ಲಿಸಿ.