ಹಣಕಾಸು ಸಚಿವರಿಗೆ ನಿಮ್ಮ ಪ್ರಶ್ನೆ ತಲುಪಿಸುವುದು ಹೇಗೆ?

2025ರ ಜುಲೈನಲ್ಲಿ ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್ ಮತ್ತು ಚಹಾ ಅಂಗಡಿಗಳ ಗಲ್ಲಾಪೆಟ್ಟಿಗೆ ಮೇಲಿದ್ದ ಕ್ಯೂಆರ್ ಕೋಡ್‌ಗಳು ಮಾಯವಾಗಿ, ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿತ್ತು. ಕಳುಹಿಸಿದ್ದು ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆ. ಜನರ ಸಿಟ್ಟು ಮಾತ್ರ ವಿಧಾನಸೌಧ ಮತ್ತು ದೆಹಲಿ ಎರಡರ ಮೇಲೂ ಹರಿಯಿತು. ಯುಪಿಐ ಪಾವತಿಗೇ ತೆರಿಗೆ ಬೀಳುತ್ತದೆ ಎಂಬ ಗುಲ್ಲು ಬೇರೆ. ಅದೇ ತಿಂಗಳ 22ರಂದು ರಾಜ್ಯಸಭೆಯಲ್ಲಿ ಕೇಂದ್ರದ ಹಣಕಾಸು ಖಾತೆ ರಾಜ್ಯ ಸಚಿವರ ಲಿಖಿತ ಉತ್ತರ ಬಂತು: 2,000 ರೂಪಾಯಿ ಮೀರಿದ ಯುಪಿಐ ವಹಿವಾಟಿಗೆ ಜಿಎಸ್‌ಟಿ ಹಾಕುವಂತೆ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿಲ್ಲ.

ಯಾರೋ ಒಬ್ಬ ಸದಸ್ಯರು ಕೇಳಿದ್ದರಿಂದ ಆ ಉತ್ತರ ದಾಖಲೆಗೆ ಬಂತು. ತೆರಿಗೆ, ಬ್ಯಾಂಕು, ವಿಮೆ, ಷೇರುಪೇಟೆ ಯಾವುದರ ಬಗ್ಗೆಯೇ ಆಗಲಿ, ಸರ್ಕಾರದ ಬಾಯಿಂದ ಅಂಕಿಅಂಶ ಹೊರಡಿಸಲು ಸಂಸತ್ತಿನ ಪ್ರಶ್ನೆಯಷ್ಟು ಬಲವಾದ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ದೃಢ ನಂಬಿಕೆ. ಪ್ರಶ್ನೆ ಕೇಳುವವರು ಸಂಸದರು ನಿಜ. ಪ್ರಶ್ನೆ ಏನಿರಬೇಕು ಎಂದು ಅವರಿಗೆ ಬರೆದುಕೊಡಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಮೊದಲು: ಇದು ಯಾರು ಉತ್ತರಿಸಬೇಕಾದ ಪ್ರಶ್ನೆ?

ಅರ್ಧದಷ್ಟು ಪ್ರಯತ್ನಗಳು ಇಲ್ಲಿಯೇ ದಾರಿ ತಪ್ಪುತ್ತವೆ. ಆದಾಯ ತೆರಿಗೆ, ಸೀಮಾಸುಂಕ, ಕೇಂದ್ರ ಅಬಕಾರಿ ಸುಂಕ, ಸರ್ಕಾರಿ ಬ್ಯಾಂಕುಗಳು, ವಿಮೆ, ಪಿಂಚಣಿ ನಿಧಿ ಇವೆಲ್ಲ ಕೇಂದ್ರ ಹಣಕಾಸು ಸಚಿವಾಲಯದ ವ್ಯಾಪ್ತಿಗೆ ಬರುತ್ತವೆ. ಮುದ್ರಾಂಕ ಶುಲ್ಕ, ವಾಹನ ತೆರಿಗೆ, ಮದ್ಯದ ಮೇಲಿನ ಅಬಕಾರಿ, ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ರಾಜ್ಯದವು. ಅವುಗಳ ಬಗ್ಗೆ ನಿಮ್ಮ ಶಾಸಕರ ಮೂಲಕ ವಿಧಾನಸಭೆಯಲ್ಲಿ ಕೇಳಿಸಬೇಕು. ಪೆಟ್ರೋಲ್ ಬೆಲೆಯಲ್ಲಿ ಎರಡೂ ಸರ್ಕಾರಗಳ ಪಾಲಿರುವುದರಿಂದ ಪ್ರಶ್ನೆಯನ್ನು ಒಡೆದು ಎರಡು ಕಡೆ ಕೇಳಿಸಬೇಕಾಗುತ್ತದೆ.

ಜಿಎಸ್‌ಟಿ ಸ್ವಲ್ಪ ತೊಡಕಿನದು. ದರ ಶಿಫಾರಸು ಮಾಡುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರಷ್ಟು ತೂಕ, ಎಲ್ಲ ರಾಜ್ಯಗಳ ಮತಕ್ಕೆ ಒಟ್ಟಾಗಿ ಮೂರನೇ ಎರಡರಷ್ಟು. ಯಾವುದೇ ತೀರ್ಮಾನಕ್ಕೆ ನಾಲ್ಕನೇ ಮೂರರಷ್ಟು ಬಹುಮತ ಬೇಕು. ಹಾಗಾಗಿ ‘ಈ ವಸ್ತುವಿನ ದರ ಇಳಿಸುತ್ತೀರಾ?’ ಎಂದು ಕೇಳಿದರೆ, ‘ಮಂಡಳಿಯ ಶಿಫಾರಸಿನಂತೆ ದರ ನಿಗದಿಯಾಗುತ್ತದೆ’ ಎಂಬ ಒಂದೇ ಸಾಲು ಬರುತ್ತದೆ. ಅದರ ಬದಲು ಆ ವಸ್ತುವಿನಿಂದ ಎಷ್ಟು ತೆರಿಗೆ ಬಂದಿದೆ, ದರ ಇಳಿಸಲು ಮನವಿಗಳು ಬಂದಿವೆಯೇ, ಅವನ್ನು ಮಂಡಳಿಯ ಮುಂದೆ ಇಡಲಾಗಿದೆಯೇ ಎಂದು ಕೇಳಿ. ಆರೋಗ್ಯ ವಿಮೆಯ ವಿಚಾರದಲ್ಲಿ ಆದದ್ದು ಹೀಗೆಯೇ. 2023-24ರಲ್ಲಿ ಆರೋಗ್ಯ ವಿಮಾ ಕಂತುಗಳ ಮೇಲೆ ಸುಮಾರು 8,263 ಕೋಟಿ ರೂಪಾಯಿ ಜಿಎಸ್‌ಟಿ ಸಂಗ್ರಹವಾಗಿದೆ ಎಂಬ ಲೆಕ್ಕ ಸಂಸತ್ತಿನ ಉತ್ತರದಲ್ಲಿ ಬಂದ ಮೇಲೆ ಶೇ 18ರ ತೆರಿಗೆಯ ಬಗೆಗಿನ ವಾದಕ್ಕೆ ಗಟ್ಟಿ ನೆಲ ಸಿಕ್ಕಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಗೆ ತೆರಿಗೆ ವಿನಾಯಿತಿ ದೊರೆಯಿತು. ಪ್ರಶ್ನೆಯೊಂದರಿಂದಲೇ ಇದಾಯಿತು ಎನ್ನಲಾಗದು. ಆದರೆ ಅಂಕಿ ಕೈಯಲ್ಲಿಲ್ಲದಿದ್ದರೆ ವಾದ ನಿಲ್ಲುತ್ತಿರಲಿಲ್ಲ.

ನಿಮ್ಮದೊಬ್ಬರದೇ ಖಾತೆಯ ತಕರಾರು ಆಗಿದ್ದರೆ ಸಂಸತ್ತಿಗೆ ಒಯ್ಯಬೇಡಿ, ಬಿಡಿ ಪ್ರಕರಣಗಳನ್ನು ಅಲ್ಲಿ ಸ್ವೀಕರಿಸುವುದಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಷೇರು ವ್ಯವಹಾರದ ದೂರನ್ನು ಸೆಬಿಯ ಸ್ಕೋರ್ಸ್ ಜಾಲತಾಣಕ್ಕೆ, ವಿಮೆಯದನ್ನು ಬಿಮಾ ಭರೋಸಾ ಜಾಲತಾಣಕ್ಕೆ ಒಯ್ಯಿರಿ.

ಈಗಾಗಲೇ ಉತ್ತರ ಬಂದಿದೆಯೇ ಎಂದು ನೋಡಿ

ಸಂಸತ್ತಿನ ಜಾಲತಾಣ ಸಂಸದ್ ಡಾಟ್ ಇನ್. ಅಲ್ಲಿ ಲೋಕಸಭೆ ಅಥವಾ ರಾಜ್ಯಸಭೆಯ ಪುಟಕ್ಕೆ ಹೋಗಿ, ಪ್ರಶ್ನೆಗಳ ವಿಭಾಗದಲ್ಲಿ ಸಚಿವಾಲಯ ಎಂಬಲ್ಲಿ ಹಣಕಾಸು ಆರಿಸಿಕೊಳ್ಳಿ. ವಿಷಯದ ಒಂದೆರಡು ಪದ ಕೊಟ್ಟು ಹುಡುಕಿದರೆ ಉತ್ತರಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ ಎಂಬುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಕನ್ನಡದಲ್ಲಿ ತೆರಿಗೆ ಕಟ್ಟುವವರಿಗೆ ಕನ್ನಡದಲ್ಲಿ ಉತ್ತರ ಓದುವ ಹಕ್ಕೂ ಇರಬೇಕು. ಸದ್ಯಕ್ಕೆ ಮನೆಯ ಕಾಲೇಜು ಹುಡುಗರ ನೆರವು ಪಡೆಯಿರಿ.

ಈ ಹುಡುಕಾಟದಲ್ಲಿ ಸಿಗುವ ವಿವರಗಳು ಬೆರಗು ಹುಟ್ಟಿಸುತ್ತವೆ. 2023ರ ಫೆಬ್ರುವರಿವರೆಗೆ ಸರ್ಕಾರಿ ಬ್ಯಾಂಕುಗಳು ಹತ್ತು ವರ್ಷ ಯಾರೂ ಕೇಳದ 35,012 ಕೋಟಿ ರೂಪಾಯಿ ಠೇವಣಿಯನ್ನು ರಿಸರ್ವ್ ಬ್ಯಾಂಕಿಗೆ ವರ್ಗಾಯಿಸಿದ್ದವು, ಅದು 10.24 ಕೋಟಿ ಖಾತೆಗಳ ಹಣ. ಈ ಲೆಕ್ಕವೂ ಲೋಕಸಭೆಯ ಉತ್ತರವೊಂದರಲ್ಲಿ ಬಂದದ್ದು. ಅದೇ ವರ್ಷದ ಆಗಸ್ಟ್‌ನಲ್ಲಿ, ಅಂಥ ಠೇವಣಿಗಳನ್ನು ಹುಡುಕಿಕೊಳ್ಳಲು ರಿಸರ್ವ್ ಬ್ಯಾಂಕ್ ಉದ್ಗಮ್ ಎಂಬ ಜಾಲತಾಣ ತೆರೆಯಿತು. ಖಾತೆಯಲ್ಲಿ ಕನಿಷ್ಠ ಬ್ಯಾಲೆನ್ಸ್ ಇಲ್ಲವೆಂದು ಸರ್ಕಾರಿ ಬ್ಯಾಂಕುಗಳು 2023-24ಕ್ಕೆ ಕೊನೆಗೊಂಡ ಐದು ವರ್ಷಗಳಲ್ಲಿ ಸುಮಾರು 8,500 ಕೋಟಿ ರೂಪಾಯಿ ದಂಡ ವಸೂಲು ಮಾಡಿದ್ದು 2024ರ ಜುಲೈನ ಉತ್ತರದಿಂದ ಜನರಿಗೆ ತಿಳಿಯಿತು. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಆ ದಂಡವನ್ನು ಕೈಬಿಟ್ಟಿತು.

ಪ್ರಶ್ನೆಯನ್ನು ಬರೆಯುವ ಬಗೆ

ಇಲ್ಲಿ ತುಸು ಹೆಚ್ಚು ಹೊತ್ತು ಕೂರಬೇಕು. ಲೋಕಸಭೆಯಲ್ಲಿ ಪ್ರಶ್ನೆ 150 ಪದ ಮೀರಬಾರದು, ರಾಜ್ಯಸಭೆಯಲ್ಲಿ 100. ಆರೋಪ, ವ್ಯಂಗ್ಯ, ಊಹೆ, ನಿಂದನೆ ಇರಬಾರದು. ಅಭಿಪ್ರಾಯ ಕೇಳುವಂತಿಲ್ಲ. ನ್ಯಾಯಾಲಯದ ಮುಂದಿರುವ ವಿಷಯ ಎತ್ತುವಂತಿಲ್ಲ. ಈ ನಿಯಮಗಳನ್ನು ಮೀರಿದ ಪ್ರಶ್ನೆ ಸಚಿವಾಲಯವನ್ನು ತಲುಪುವ ಮೊದಲೇ ಬಿದ್ದುಹೋಗುತ್ತದೆ.

‘ಬ್ಯಾಂಕುಗಳು ಬಡವರ ಠೇವಣಿ ನುಂಗುತ್ತಿರುವುದು ಸಚಿವರಿಗೆ ಗೊತ್ತಿಲ್ಲವೇ?’ ಎಂದು ಬರೆದರೆ ಮನಸ್ಸಿನ ಸಿಟ್ಟು ಇಳಿಯಬಹುದು, ಉತ್ತರ ಮಾತ್ರ ಬಾರದು. ಅದೇ ಕಳಕಳಿಯನ್ನು ಹೀಗೆ ಬರೆಯಬಹುದು (ಹತ್ತು ವರ್ಷ ಯಾರೂ ಕೇಳದ ಠೇವಣಿ ಹೋಗಿ ಸೇರುವ ರಿಸರ್ವ್ ಬ್ಯಾಂಕಿನ ನಿಧಿಯೇ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ):

‘(ಅ) ಕಳೆದ ಐದು ಹಣಕಾಸು ವರ್ಷಗಳಲ್ಲಿ ಕರ್ನಾಟಕದ ಬ್ಯಾಂಕ್ ಶಾಖೆಗಳಿಂದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾವಣೆಯಾದ ಮೊತ್ತವೆಷ್ಟು, ವರ್ಷವಾರು ಮತ್ತು ಬ್ಯಾಂಕ್‌ವಾರು ವಿವರ, (ಆ) ಅದರಲ್ಲಿ ಖಾತೆದಾರರಿಗೆ ಅಥವಾ ಅವರ ವಾರಸುದಾರರಿಗೆ ಹಿಂದಿರುಗಿದ ಮೊತ್ತವೆಷ್ಟು, (ಇ) ಗ್ರಾಮೀಣ ಖಾತೆದಾರರಿಗೆ ಸ್ಥಳೀಯ ಭಾಷೆಯಲ್ಲಿ ಮಾಹಿತಿ ತಲುಪಿಸಲು ಕೈಗೊಂಡ ಕ್ರಮಗಳೇನು?’

‘ವರ್ಷವಾರು’, ‘ರಾಜ್ಯವಾರು’, ‘ಬ್ಯಾಂಕ್‌ವಾರು’ ಎಂಬ ಪದಗಳನ್ನು ಬಿಡಲೇಬೇಡಿ. ಅವಿಲ್ಲದಿದ್ದರೆ ಇಡೀ ದೇಶದ ಒಂದೇ ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ‘ಕ್ರಮ ಕೈಗೊಳ್ಳಲಾಗಿದೆಯೇ?’ ಎಂದು ಮಾತ್ರ ಕೇಳಿದರೆ ‘ಹೌದು’ ಎಂಬಲ್ಲಿಗೆ ಮುಗಿಯುತ್ತದೆ. ಯಾವ ಕ್ರಮ, ಯಾವ ದಿನಾಂಕದಿಂದ, ಫಲವೇನು ಎಂಬುದನ್ನೂ ಸೇರಿಸಿ. ಸಾಲಗಾರರ ಹೆಸರು ಕೇಳಿ ಒಂದು ಪ್ರಶ್ನೆಯನ್ನು ಹಾಳು ಮಾಡಿಕೊಳ್ಳಬೇಡಿ. ರಿಸರ್ವ್ ಬ್ಯಾಂಕ್ ಕಾಯ್ದೆಯ 45ಇ ವಿಧಿಯ ಪ್ರಕಾರ ಸಾಲದ ಮಾಹಿತಿ ಗೋಪ್ಯ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಯಾವ ಸಂಸದರಿಗೆ, ಯಾವಾಗ?

ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ಮಂತ್ರಿಗಳು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಆದ್ದರಿಂದ 2024ರಿಂದ ಕೇಂದ್ರ ಮಂತ್ರಿಗಳಾಗಿರುವ ಸಂಸದರ ಕ್ಷೇತ್ರಗಳಾದ ಧಾರವಾಡ, ಮಂಡ್ಯ, ತುಮಕೂರು ಮತ್ತು ಬೆಂಗಳೂರು ಉತ್ತರದ ಮತದಾರರು ರಾಜ್ಯಸಭೆಯ ಸದಸ್ಯರನ್ನು ಹಿಡಿಯುವುದು ಮೇಲು. ಅವರು ಇಡೀ ರಾಜ್ಯದ ಪ್ರತಿನಿಧಿಗಳು. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೂ 2016ರಿಂದ ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾದವರು. ಅವರಿಗೆ ನೇರವಾಗಿ ಪತ್ರ ಬರೆಯಬಹುದು, ಆದರೆ ಆ ಪತ್ರಕ್ಕೆ ಸದನದ ಪ್ರಶ್ನೆಗಿರುವ ಬಲವಿಲ್ಲ.

ಪಕ್ಷ ನೋಡಬೇಡಿ. ಆಡಳಿತ ಪಕ್ಷದವರೂ ಪ್ರಶ್ನೆ ಕೇಳುತ್ತಾರೆ, ಕೇಳಬೇಕು. ಲೋಕಸಭೆಯಲ್ಲಿ ಮುಂದ್ರಾ ಹಗರಣದ ವಿವರ ಬಿಚ್ಚಿಟ್ಟ ಫಿರೋಜ್ ಗಾಂಧಿ ಆಡಳಿತ ಕಾಂಗ್ರೆಸ್ಸಿನವರೇ ಆಗಿದ್ದರು, ಮೇಲಾಗಿ ಪ್ರಧಾನಿ ನೆಹರೂ ಅವರ ಅಳಿಯ. ಆಗಷ್ಟೇ ರಾಷ್ಟ್ರೀಕರಣಗೊಂಡಿದ್ದ ಜೀವ ವಿಮಾ ನಿಗಮ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿನಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹೂಡಿದ್ದು ಏಕೆ ಎಂಬುದು 1957ರಲ್ಲಿ ಅವರು ಹಿಡಿದ ಜಾಡು. ನ್ಯಾಯಮೂರ್ತಿ ಚಾಗ್ಲಾ ಅವರ ವಿಚಾರಣೆಯ ನಂತರ 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಪಾಲಿಸಿದಾರರ ಹಣದ ಬಗ್ಗೆ ಸದನ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಾನು ಇಂದಿಗೂ ಗೌರವದಿಂದ ನೆನೆಯುವ ಪ್ರಸಂಗವಿದು.

ಪ್ರಶ್ನೆಯ ನೋಟಿಸ್ ಕನಿಷ್ಠ 15 ದಿನ ಮೊದಲು ಸಲ್ಲಿಕೆಯಾಗಬೇಕು. ಆದ್ದರಿಂದ ಬಜೆಟ್, ಮಳೆಗಾಲ ಅಥವಾ ಚಳಿಗಾಲದ ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬಂದ ಕೂಡಲೇ ನಿಮ್ಮ ಪತ್ರ ಸಂಸದರ ಕಚೇರಿ ಸೇರಿರಲಿ. ಒಬ್ಬ ಲೋಕಸಭಾ ಸದಸ್ಯರು ಒಂದು ದಿನಕ್ಕೆ ಐದು ಪ್ರಶ್ನೆಗಳಿಗಷ್ಟೇ ನೋಟಿಸ್ ಕೊಡಬಹುದು. ಅವುಗಳಲ್ಲಿ ಯಾವುದು ಪಟ್ಟಿ ಸೇರುತ್ತದೆ ಎಂಬುದು ಲಾಟರಿಯಲ್ಲಿ ತೀರ್ಮಾನವಾಗುತ್ತದೆ. ಒಂದೇ ಪ್ರಶ್ನೆಯನ್ನು ಮೂರು ನಾಲ್ಕು ಸಂಸದರಿಗೆ ಕಳುಹಿಸುವುದು ಜಾಣತನ.

ಇನ್ನೊಂದು ಮಾತು. ಪ್ರಶ್ನೆ ಕೇಳಿಸಿಕೊಡುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಪ್ರಶ್ನೆಗಾಗಿ ಹಣ ಪಡೆದ ಕಾರಣಕ್ಕೆ 2005ರ ಡಿಸೆಂಬರ್‌ನಲ್ಲಿ 11 ಸಂಸದರು ಸದನದಿಂದ ಉಚ್ಚಾಟನೆಗೊಂಡರು.

ಚುಕ್ಕೆ ಇರಲೋ, ಬೇಡವೋ?

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆಗಳಿಗೂ ಅವಕಾಶವಿದೆ. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20, ರಾಜ್ಯಸಭೆಯಲ್ಲಿ 15. ಒಂದು ಗಂಟೆಯೊಳಗೆ ಅಷ್ಟೂ ಮುಗಿಯುವುದು ತೀರಾ ಅಪರೂಪ, ಗದ್ದಲವೆದ್ದರೆ ಒಂದೂ ಇಲ್ಲ. ಚುಕ್ಕೆ ರಹಿತ ಪ್ರಶ್ನೆಗಳು ಲೋಕಸಭೆಯಲ್ಲಿ ದಿನಕ್ಕೆ 230ರವರೆಗೆ ಇರುತ್ತವೆ. ಅವುಗಳಿಗೆ ಲಿಖಿತ ಉತ್ತರ, ಹೆಚ್ಚಾಗಿ ರಾಜ್ಯ ಸಚಿವರ ಹೆಸರಿನಲ್ಲಿ. ಟಿ.ವಿ.ಯಲ್ಲಿ ಕಾಣುವುದು ಮೊದಲನೆಯದಾದರೂ ಅಂಕಿಅಂಶ ಬೇಕಾದವರಿಗೆ ಎರಡನೆಯದೇ ಹೆಚ್ಚು ಪ್ರಯೋಜನಕಾರಿ. ಈಚಿನ ವರ್ಷಗಳಲ್ಲಿ ಹಣಕಾಸು ಸಚಿವಾಲಯದ ಸರದಿ ಲೋಕಸಭೆಯಲ್ಲಿ ಸೋಮವಾರ ಬೆಳಿಗ್ಗೆ 11ಕ್ಕೆ, ರಾಜ್ಯಸಭೆಯಲ್ಲಿ ಮಂಗಳವಾರ ಮಧ್ಯಾಹ್ನ 12ಕ್ಕೆ.

ಉತ್ತರವನ್ನು ಓದುವುದು

ಉತ್ತರ ಕೈಗೆ ಬಂದಾಗ ಪೀಠಿಕೆಯನ್ನು ದಾಟಿ ಕೋಷ್ಟಕಕ್ಕೆ ಹೋಗಿ. ನೀವು ಐದು ವರ್ಷ ಕೇಳಿದ್ದರೆ ಐದೂ ಇವೆಯೇ, ರಾಜ್ಯವಾರು ಕೇಳಿದ್ದರೆ ರಾಜ್ಯವಾರು ಇದೆಯೇ ನೋಡಿ. ‘ಸದ್ಯಕ್ಕೆ ಅಂಥ ಪ್ರಸ್ತಾವ ಪರಿಶೀಲನೆಯಲ್ಲಿಲ್ಲ’ ಎಂದಿದ್ದರೆ ‘ಸದ್ಯಕ್ಕೆ’ ಎಂಬ ಪದಕ್ಕೆ ಗೆರೆ ಎಳೆಯಿರಿ. ಬ್ಯಾಂಕುಗಳು ಸಾಲವನ್ನು ಲೆಕ್ಕದ ಪುಸ್ತಕದಿಂದ ತೆಗೆದದ್ದರ ಬಗೆಗಿನ ಉತ್ತರಗಳಲ್ಲಿ, ಇದು ಸಾಲ ಮನ್ನಾ ಅಲ್ಲ, ಸಾಲಗಾರರ ಹೊಣೆ ಮುಂದುವರಿಯುತ್ತದೆ ಎಂಬ ಸಾಲು ತಪ್ಪದೇ ಇರುತ್ತದೆ. ಅದು ಸರಿಯಾದ ಮಾತೇ. ಹಾಗಾದರೆ ಅದರಲ್ಲಿ ವಸೂಲಾದದ್ದೆಷ್ಟು ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಲಿ.

ಉತ್ತರವನ್ನು ಬೇರೆ ದಾಖಲೆಯ ಪಕ್ಕದಲ್ಲಿಟ್ಟು ಓದುವ ಅಭ್ಯಾಸವೂ ಬೇಕು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ತೆರಿಗೆ ಪಾಲಿಗಾಗಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತಾಗ, ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲೆಷ್ಟು ಎಂದು ಹೇಳುವ ಹಣಕಾಸು ಆಯೋಗದ ಶಿಫಾರಸನ್ನು ತಾವು ಇಚ್ಛೆಯಂತೆ ಬದಲಿಸಲಾಗದು ಎಂಬುದು ಸಚಿವರ ಉತ್ತರವಾಗಿತ್ತು. ಅದು ನಿಯಮದಂತೆ ನಿಜ. 14ನೇ ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿದದ್ದೂ ನಿಜ. ಕೇಂದ್ರವು ತೆರಿಗೆಯ ಜೊತೆಗೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್ಚಾರ್ಜ್ ಹಣ ರಾಜ್ಯಗಳಿಗೆ ಹಂಚಿಕೆಯಾಗುವ ಮೊತ್ತಕ್ಕೆ ಸೇರುವುದೇ ಇಲ್ಲ ಎಂಬುದೂ ನಿಜ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡವರಿಗೆ ಮಾತ್ರ ಚರ್ಚೆಯ ಪೂರ್ಣ ಚಿತ್ರ ಸಿಗುತ್ತದೆ.

ಉತ್ತರ ಅರ್ಧಕ್ಕೆ ನಿಂತರೆ

‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂದು ಸಚಿವರು ಹೇಳಿದರೆ ಅದು ಸದನಕ್ಕೆ ಕೊಟ್ಟ ಭರವಸೆ ಎಂದು ದಾಖಲಾಗುತ್ತದೆ. ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು. ಈಡೇರಿತೇ ಎಂದು ನೋಡಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿಗಳಿವೆ. ಕಾಯುವಷ್ಟು ಕಾಲ ಮಾಹಿತಿ ಹಕ್ಕಿನ ದಾರಿಯೂ ತೆರೆದಿರುತ್ತದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು. ಅರ್ಜಿಯನ್ನು ಸಚಿವಾಲಯದ ಸರಿಯಾದ ಇಲಾಖೆಗೆ ಹಾಕಿ. ತೆರಿಗೆಯಾದರೆ ಕಂದಾಯ ಇಲಾಖೆ, ಬ್ಯಾಂಕು ಮತ್ತು ವಿಮೆಯಾದರೆ ಹಣಕಾಸು ಸೇವೆಗಳ ಇಲಾಖೆ, ಷೇರುಪೇಟೆಯಾದರೆ ಆರ್ಥಿಕ ವ್ಯವಹಾರಗಳ ಇಲಾಖೆ.

ಪ್ರಶ್ನೆಯ ಸಂಖ್ಯೆ ಮತ್ತು ಉತ್ತರ ಬಂದ ದಿನಾಂಕವನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮೂರು ತಿಂಗಳಾದರೂ ವಿವರ ಬರದಿದ್ದರೆ ಆ ಎರಡನ್ನೂ ನಮೂದಿಸಿ, ಅದೇ ಸಂಸದರಿಗೆ ಮತ್ತೊಂದು ಪತ್ರ ಹಾಕಿ.